ಕೆಟ್ಟ ಹೆಸರು ಹುಟ್ಟುವ ಬಗೆ: ಅಷ್ಟೂರಿನ ಗುಮ್ಮಟದಿಂದ ಮುರ್ಕಿಯ ರಸ್ತೆಯವರೆಗೆ

ಕಲಬುರಗಿ, ಬೀದರ, ಯಾದಗಿರಿ ಜಿಲ್ಲೆಗಳ ಯಾವ ಊರಿನ ವಾಟ್ಸ್‌ಆ್ಯಪ್ ಗುಂಪನ್ನು ತೆರೆದರೂ ಒಂದು ಬಗೆಯ ಸಂದೇಶ ಆಗಾಗ ಕಣ್ಣಿಗೆ ಬೀಳುತ್ತದೆ: ಯಾರದೋ ಮುಖ, ಅದರ ಸುತ್ತ ಕೆಂಪು ಗೆರೆ, ಕೆಳಗೆ ‘ಈ ವ್ಯಕ್ತಿಯಿಂದ ಎಚ್ಚರವಾಗಿರಿ, ಎಲ್ಲ ಗುಂಪಿಗೂ ಕಳಿಸಿರಿ’ ಎಂಬ ಸಾಲು. ಆ ಮುಖದವನು ಚೀಟಿ ಹಣ ನುಂಗಿ ಪರಾರಿಯಾದವನಿರಬಹುದು, ಬೈಕ್ ಕಳ್ಳನಿರಬಹುದು, ಇಲ್ಲವೇ ಬಸ್ ಸ್ಟ್ಯಾಂಡಿನಲ್ಲಿ ದಾರಿ ಕೇಳಲು ನಿಂತ ಪರಸ್ಥಳದ ಕೂಲಿಯಿರಬಹುದು. ಸಂದೇಶ ನೋಡಿದವರಿಗೆ ಅದನ್ನು ತಿಳಿಯುವ ದಾರಿಯಿಲ್ಲ. ಹಿಂದೆ ಒಬ್ಬನ ಹೆಸರು ಕೆಡಬೇಕಾದರೆ ಊರಿನ ಕಟ್ಟೆ, ಸಂತೆ, ಜಾತ್ರೆಗಳನ್ನು ದಾಟಿ ಮಾತು ಸಾಗಬೇಕಿತ್ತು. ಈಗ ಅದಕ್ಕೆ ಒಂದು ಮಧ್ಯಾಹ್ನ ಸಾಕು. ಆದ್ದರಿಂದ ಸಾರ್ವಜನಿಕ ಅಪಕೀರ್ತಿ ಎಂಬುದು ಹೇಗೆ ಹುಟ್ಟುತ್ತದೆ, ಯಾರಿಗೆ ಅಂಟುತ್ತದೆ, ಕಾನೂನು ಅದರ ಬಗ್ಗೆ ಏನು ಹೇಳುತ್ತದೆ ಎಂಬುದು ರಾಜರಿಗೂ ರಾಜಕಾರಣಿಗಳಿಗೂ ಮಾತ್ರ ಸಂಬಂಧಿಸಿದ ಪ್ರಶ್ನೆಯಾಗಿ ಉಳಿದಿಲ್ಲ. ಅದನ್ನು ವಿವರಿಸುವುದಕ್ಕೆ ನಮ್ಮ ಮೂರು ಜಿಲ್ಲೆಗಳ ಇತಿಹಾಸದಲ್ಲೇ ಬೇಕಾದಷ್ಟು ಉದಾಹರಣೆಗಳಿವೆ.

## ಹೆಸರು ಕೆಡುವುದು ಎಂದರೇನು

ಒಬ್ಬ ವ್ಯಕ್ತಿಯನ್ನು ಎಂದೂ ಕಾಣದ, ಅವನಿಂದ ಲಾಭವನ್ನೂ ನಷ್ಟವನ್ನೂ ಪಡೆಯದ ಬಹುಜನರು ಅವನ ಹೆಸರನ್ನು ಒಂದು ಕೆಟ್ಟ ಕೃತ್ಯದ ಜೊತೆಗೇ ನೆನೆಯುವ ಸ್ಥಿತಿಯನ್ನು ಇಲ್ಲಿ ಅಪಕೀರ್ತಿ ಎಂದು ಕರೆಯೋಣ. ನಮ್ಮ ಕಡೆಯ ಆಡುಮಾತಿನಲ್ಲಿ ‘ಬದನಾಮ ಆದ’ ಎನ್ನುವುದು ಇದನ್ನೇ. ನೆರೆಮನೆಯವರ ಮುನಿಸು ಅಪಕೀರ್ತಿಯಲ್ಲ, ಏಕೆಂದರೆ ಅವರಿಗೆ ನಿಮ್ಮ ಒಳ್ಳೆಯ ಗುಣಗಳೂ ಗೊತ್ತು. ಅಪಕೀರ್ತಿ ಬಂದವನಿಗೆ ಉಳಿದ ಗುಣಗಳೆಲ್ಲ ಅಳಿಸಿಹೋಗಿ, ಒಂದೇ ಒಂದು ಗುಣ ಹೆಸರಿಗೆ ಬಾಲದಂತೆ ಅಂಟಿಕೊಂಡಿರುತ್ತದೆ.

ಇದನ್ನು ಅಪರಾಧದೊಂದಿಗೆ ಬೆರೆಸಬಾರದು. ಕೃತ್ಯ ನಡೆಯುವುದು ಒಂದು ಸಂಗತಿ, ಅದರ ಬಗ್ಗೆ ಆರೋಪ ಬರುವುದು ಇನ್ನೊಂದು, ಆರೋಪ ನ್ಯಾಯಾಲಯದಲ್ಲಿ ಸಾಬೀತಾಗುವುದು ಮತ್ತೊಂದು; ಅಪಕೀರ್ತಿ ಈ ಮೂರರಲ್ಲಿ ಯಾವುದನ್ನೂ ಕಾಯದೆ ಬರಬಹುದು, ಮೂರೂ ಆದ ಮೇಲೂ ಬಾರದಿರಬಹುದು. ದೊಡ್ಡ ಮೊತ್ತ ನುಂಗಿ ಶಿಕ್ಷೆ ಅನುಭವಿಸಿ ಬಂದವನ ಹೆಸರು ಪಕ್ಕದ ತಾಲೂಕಿಗೆ ಗೊತ್ತಿರುವುದಿಲ್ಲ. ಏನನ್ನೂ ಮಾಡದವನ ಮುಖ ಮೂರು ಜಿಲ್ಲೆಗಳಿಗೆ ಗೊತ್ತಿರುತ್ತದೆ.

ಕಿರಾಣಿ ಅಂಗಡಿಯ ಉದ್ರಿ ಪುಸ್ತಕವನ್ನು ನೆನೆದರೆ ಇದರ ಬಗೆ ತಿಳಿಯುತ್ತದೆ. ಪುಸ್ತಕ ಅಂಗಡಿಯವನ ಕೈಯಲ್ಲಿರುತ್ತದೆ, ಉದ್ರಿ ಒಯ್ದವನ ಕೈಯಲ್ಲಲ್ಲ. ಬಾಕಿಯನ್ನು ಆ ಕ್ಷಣವೇ ಬರೆದುಕೊಳ್ಳುತ್ತಾರೆ, ತೀರಿಸಿದ್ದಕ್ಕೆ ಗೆರೆ ಎಳೆಯುವುದು ಮಾತ್ರ ನೆನಪಿದ್ದರೆ ಉಂಟು. ಯಾರದೋ ಬಾಕಿ ಯಾರದೋ ಹೆಸರಿನಲ್ಲಿ ಬಿದ್ದರೂ ಪುಸ್ತಕದಲ್ಲಿ ಇದೆ ಎಂಬುದೇ ಆಧಾರವಾಗಿಬಿಡುತ್ತದೆ. ಆದಕಾರಣ ಯಾವುದೇ ಕುಖ್ಯಾತ ಹೆಸರಿನ ಬಗ್ಗೆ ‘ಅವನು ಏನು ಮಾಡಿದ’ ಎಂದು ಕೇಳುವಷ್ಟೇ ‘ಬರೆದುಕೊಂಡವರು ಯಾರು’ ಎಂದೂ ಕೇಳಬೇಕಾಗುತ್ತದೆ.

## ಅಷ್ಟೂರಿನ ಎರಡು ಗೋರಿಗಳು

ಬೀದರ ಕೋಟೆಯಿಂದ ಪೂರ್ವಕ್ಕೆ ಕೆಲವೇ ಕಿಲೋಮೀಟರ್ ದೂರದಲ್ಲಿರುವ ಅಷ್ಟೂರಿನಲ್ಲಿ ಬಹಮನಿ ಸುಲ್ತಾನರ ಗೋರಿಗಳು ಸಾಲಾಗಿ ನಿಂತಿವೆ. ಅವುಗಳಲ್ಲಿ ಅಹ್ಮದ್ ಶಾಹ್ ವಲಿಯ ಗೋರಿಯ ಒಳಗೋಡೆ, ಒಳಮಾಳಿಗೆಗಳ ತುಂಬ ಬಣ್ಣದ ಬಳ್ಳಿಗಳೂ ಸುಂದರ ಬರಹಗಳೂ ಇವೆ. ರಾಜಧಾನಿಯನ್ನು ಕಲಬುರಗಿಯಿಂದ ಬೀದರಕ್ಕೆ ತಂದ ಸುಲ್ತಾನ ಇವನೇ. 1422ರಿಂದ 1436ರವರೆಗೆ ಆಳಿದ. ಪ್ರತಿವರ್ಷ ಇಲ್ಲಿ ಉರುಸು ನಡೆಯುತ್ತದೆ. ಅದಕ್ಕೆ ಆಳಂದ ತಾಲೂಕಿನ ಮಾಡ್ಯಾಳದಿಂದ ಜಂಗಮರು ಬಂದು ಪೂಜೆ ಸಲ್ಲಿಸುವ ಸಂಪ್ರದಾಯ ಇಂದಿಗೂ ಉಳಿದಿದೆ, ಮತ್ತು ಇವನನ್ನು ಅಲ್ಲಮಪ್ರಭುವೆಂದೇ ನಂಬಿ ಕೈಮುಗಿಯುವ ಭಕ್ತರಿದ್ದಾರೆ.

ಅದೇ ಸಾಲಿನಲ್ಲಿ ಅವನ ಮೊಮ್ಮಗ ಹುಮಾಯೂನ್ ಶಾಹನ ಗೋರಿಯಿದೆ. ಸಿಡಿಲು ಬಡಿದು ಅದರ ಗುಮ್ಮಟ ಅರ್ಧ ಉರುಳಿದೆ. ಉಳಿದ ಅರ್ಧ, ಚಾಕುವಿನಿಂದ ಸೀಳಿ ತೆಗೆದಿಟ್ಟಂತೆ, ಒಳಗಿನ ಕಮಾನುಗಳನ್ನೂ ಗೋಡೆಯ ದಪ್ಪವನ್ನೂ ತೋರಿಸುತ್ತ ಬಯಲಿಗೆ ಬಾಯ್ತೆರೆದು ನಿಂತಿದೆ. 1458ರಿಂದ 1461ರವರೆಗೆ, ಅಂದರೆ ಸುಮಾರು ಮೂರೇ ವರ್ಷ ಆಳಿದ ಈ ಸುಲ್ತಾನನಿಗೆ ಇತಿಹಾಸದಲ್ಲಿ ಇರುವ ಹೆಸರು ಹುಮಾಯೂನ್ ಜಾಲಿಮ್, ಎಂದರೆ ಕ್ರೂರಿ ಹುಮಾಯೂನ್. ಸತ್ತ ಮೇಲೂ ದೇವರು ಅವನನ್ನು ಬಿಡಲಿಲ್ಲ, ಗೋರಿಗೇ ಸಿಡಿಲು ಹೊಡೆದ ಎಂದು ಗುಮ್ಮಟದತ್ತ ಕೈತೋರಿಸಿ ಹೇಳುವುದುಂಟು. ಸಿಡಿಲು ಎತ್ತರ ನೋಡಿ ಬೀಳುತ್ತದೆಯೇ ಹೊರತು ಇತಿಹಾಸ ಓದಿ ಬೀಳುವುದಿಲ್ಲ. ಆದರೆ ಒಮ್ಮೆ ಹೆಸರು ಕೆಟ್ಟ ಮೇಲೆ ಸಿಡಿಲೂ ಸಾಕ್ಷಿ ಹೇಳತೊಡಗುತ್ತದೆ ಎಂಬುದನ್ನು ಮಾತ್ರ ಗಮನಿಸಬೇಕು.

ಇವನ ಕ್ರೌರ್ಯದ ಕಥೆಗಳನ್ನು ಅತ್ಯಂತ ವಿವರವಾಗಿ ಕೊಟ್ಟವನು ಇತಿಹಾಸಕಾರ ಫಿರಿಶ್ತಾ. ಅವನ ಪ್ರಕಾರ, ಸುಲ್ತಾನ ತೆಲಂಗಾಣದ ಕಡೆ ದಂಡೆತ್ತಿ ಹೋಗಿದ್ದಾಗ ಬೀದರದಲ್ಲಿ ಪಿತೂರಿ ನಡೆದು, ಸೆರೆಮನೆ ಒಡೆದು, ಅವನ ತಮ್ಮ ಹಸನ್ ಖಾನನನ್ನು ಬಿಡಿಸಲಾಯಿತು. ಮರಳಿ ಬಂದ ಹುಮಾಯೂನ್ ಕಾವಲುಗಾರರನ್ನು ಕೊಲ್ಲಿಸಿದ, ಪಟ್ಟಣದ ಕೊತ್ವಾಲನನ್ನು ಕಬ್ಬಿಣದ ಪಂಜರದಲ್ಲಿಟ್ಟು ಹಿಂಸಿಸಿದ, ಸಿಕ್ಕಿಬಿದ್ದ ತಮ್ಮನನ್ನು ಎಲ್ಲರ ಕಣ್ಣೆದುರು ಹುಲಿಯ ಬಾಯಿಗೆ ಹಾಕಿಸಿದ. ಅವನು ಸತ್ತಾಗ ಕವಿಯೊಬ್ಬ ಸಾವಿನ ವರ್ಷವನ್ನು ‘ಜೌಕ್-ಎ-ಜಹಾನ್’, ಅಂದರೆ ‘ಲೋಕದ ಹಿಗ್ಗು’ ಎಂಬ ಮಾತಿನಲ್ಲಿ ಅಡಗಿಸಿ ಪದ್ಯ ಕಟ್ಟಿದ. ಫಾರಸಿಯಲ್ಲಿ ಒಂದೊಂದು ಅಕ್ಷರಕ್ಕೂ ಒಂದೊಂದು ಅಂಕಿ ಇರುವುದರಿಂದ, ಆ ಮಾತಿನ ಅಕ್ಷರಗಳನ್ನು ಕೂಡಿದರೆ ಹಿಜರಿ 865 ಬರುತ್ತದೆ.

ಇಲ್ಲಿಗೆ ನಿಲ್ಲಿಸಿದರೆ ಹುಮಾಯೂನ್ ತಾನೇ ಸಂಪಾದಿಸಿಕೊಂಡ ಹೆಸರು ಇದು ಎನ್ನಿಸುತ್ತದೆ. ಆದರೆ ಅದೇ ಫಿರಿಶ್ತಾ ಅಹ್ಮದ್ ಶಾಹ್ ವಲಿಯ ಬಗ್ಗೆ ಬರೆದದ್ದನ್ನೂ ಓದಬೇಕು. ವಿಜಯನಗರದ ಮೇಲೆ ದಂಡೆತ್ತಿ ಹೋದ ಈ ಸುಲ್ತಾನ, ಸತ್ತವರ ಸಂಖ್ಯೆ ಇಪ್ಪತ್ತು ಸಾವಿರ ಮುಟ್ಟಿದಾಗಲೆಲ್ಲ ಮೂರು ದಿನ ಬೀಡುಬಿಟ್ಟು ಉತ್ಸವ ನಡೆಸುತ್ತಿದ್ದ ಎಂದು ಅವನು ಹೇಳುತ್ತಾನೆ. ಸಂಖ್ಯೆ ಉತ್ಪ್ರೇಕ್ಷೆಯಿರಬಹುದು, ಹಾಗಿದ್ದರೂ ಹುಮಾಯೂನನ ಲೆಕ್ಕಕ್ಕಿಂತ ಅದು ಎಷ್ಟೋ ಪಟ್ಟು ದೊಡ್ಡದು. ಮುಂದೆ ಬರ ಬಂದಾಗ ಅದೇ ಸುಲ್ತಾನ ಬಯಲಲ್ಲಿ ನಿಂತು ಪ್ರಾರ್ಥಿಸಿದ, ಮಳೆ ಬಂತು, ಜನ ಅವನನ್ನು ವಲಿ, ಅಂದರೆ ಸಂತ ಎಂದರು. ಅಜ್ಜನಿಗೆ ಜಾತ್ರೆ, ಮೊಮ್ಮಗನಿಗೆ ಶಾಪ.

ಈ ವ್ಯತ್ಯಾಸಕ್ಕೆ ಕಾರಣ ಕ್ರೌರ್ಯದ ಅಳತೆಯಲ್ಲಿಲ್ಲ, ಕ್ರೌರ್ಯ ಯಾರ ಮೇಲೆ ನಡೆಯಿತು ಎಂಬುದರಲ್ಲಿದೆ ಎನ್ನುವುದು ಈ ಲೇಖಕನ ಅಭಿಪ್ರಾಯ. ಅಜ್ಜನ ಖಡ್ಗಕ್ಕೆ ಸಿಕ್ಕವರು ದೂರದ ಶತ್ರುರಾಜ್ಯದ ರೈತರು, ಹೆಂಗಸರು, ಮಕ್ಕಳು. ಬೀದರದ ಆಸ್ಥಾನದಲ್ಲಿ ಅವರ ಪರವಾಗಿ ಬರೆಯುವವರಿರಲಿಲ್ಲ. ಮೊಮ್ಮಗನ ಕೈಗೆ ಸಿಕ್ಕವರು ರಾಜಧಾನಿಯ ಅಮೀರರು, ಅಧಿಕಾರಿಗಳು, ಅವರ ಮನೆಮಂದಿ. ಇತಿಹಾಸ ಬರೆಯುವವರೂ ಬರೆಸುವವರೂ ಅದೇ ವರ್ಗದವರು. ಫಿರಿಶ್ತಾ ಬರೆದದ್ದು ಹುಮಾಯೂನ್ ಸತ್ತು ಸುಮಾರು 150 ವರ್ಷಗಳಾದ ಮೇಲೆ, 17ನೇ ಶತಮಾನದ ಆರಂಭದಲ್ಲಿ, ಬಿಜಾಪುರದ ಆದಿಲ್‌ಶಾಹಿ ಆಶ್ರಯದಲ್ಲಿ ಎಂಬುದನ್ನೂ ಇದಕ್ಕೆ ಸೇರಿಸಿಕೊಳ್ಳಬೇಕು. ಬಹಮನಿ ಇತಿಹಾಸವನ್ನು ಆಳವಾಗಿ ಅಭ್ಯಾಸ ಮಾಡಿದ ಎಚ್.ಕೆ. ಶೇರ್ವಾನಿಯವರು ಈ ಕಥೆಗಳನ್ನು ಹಾಗೆಯೇ ನಂಬಲು ಒಪ್ಪಲಿಲ್ಲ. ಆ ಕಾಲದಲ್ಲೇ ಬದುಕಿದ್ದ ಮಹಮೂದ್ ಗವಾನನ ಪತ್ರಗಳಲ್ಲಿ ಕಾಣುವ ಹುಮಾಯೂನನೇ ಬೇರೆ ಎಂದು ಅವರು ತೋರಿಸಿದರು. ಗವಾನ್ ಅವನ ಮಂತ್ರಿಯಾಗಿದ್ದವನು, ದೊರೆಯನ್ನು ಹೊಗಳದೆ ಇನ್ನೇನು ಮಾಡುತ್ತಾನೆ ಎಂಬ ಆಕ್ಷೇಪಕ್ಕೂ ಬೆಲೆಯಿದೆ. ಹುಮಾಯೂನ್ ದಯಾಳುವಾಗಿದ್ದ ಎಂದು ಇದರಿಂದ ಸಿದ್ಧವಾಗುವುದಿಲ್ಲ. ಅವನಿಗೆ ಇರುವ ಹೆಸರು ಅವನ ಕೃತ್ಯಕ್ಕಿಂತ ಎಷ್ಟು ದೊಡ್ಡದು ಎಂದು ಅಳೆಯುವ ಕೋಲು ನಮ್ಮ ಕೈಯಲ್ಲಿಲ್ಲ ಎಂಬುದಷ್ಟೇ ಸಿದ್ಧವಾಗುತ್ತದೆ.

## ಮುದ್ರೆ ನಿಜ, ಪತ್ರ ಸುಳ್ಳು

ಅದೇ ಗವಾನನ ಬಾಳು ಅಪಕೀರ್ತಿಯ ಇನ್ನೊಂದು ಬಗೆಗೆ, ಎಂದರೆ ಮಾಡದ ಕೃತ್ಯಕ್ಕೆ ಹೆಸರು ಕೆಡುವುದಕ್ಕೆ ಉದಾಹರಣೆ. ಇರಾನಿನ ಗೀಲಾನ್ ಪ್ರಾಂತದಿಂದ ವ್ಯಾಪಾರಿಯಾಗಿ ಬಂದು ಬಹಮನಿ ರಾಜ್ಯದ ಮಂತ್ರಿಯಾದ ಈತ 1472ರಲ್ಲಿ ಬೀದರದಲ್ಲಿ ಕಟ್ಟಿಸಿದ ಮದರಸಾ, ಮುಂದೆ ಸಿಡಿಮದ್ದಿನ ಸ್ಫೋಟದಲ್ಲಿ ಒಂದು ಭಾಗ ಕಳೆದುಕೊಂಡರೂ, ಇಂದಿಗೂ ಊರಿನ ಹೆಗ್ಗುರುತು. ಪರದೇಶದಿಂದ ಬಂದ ಅಧಿಕಾರಿಗಳಿಗೂ ಸ್ಥಳೀಯ ದಖನಿ ಅಮೀರರಿಗೂ ಆಗ ತೀವ್ರ ವೈರವಿತ್ತು, ಮತ್ತು ಗವಾನ್ ತಂದ ಆಡಳಿತ ಸುಧಾರಣೆಗಳು ಪ್ರಾಂತಾಧಿಕಾರಿಗಳ ಅಧಿಕಾರವನ್ನು ಮೊಟಕುಗೊಳಿಸಿದ್ದವು. ವಿರೋಧಿಗಳು ಅವನ ಮುದ್ರೆ ಕಾಯುವವನನ್ನು ಒಲಿಸಿಕೊಂಡು, ಬರಿಯ ಕಾಗದದ ಮೇಲೆ ಮುದ್ರೆ ಒತ್ತಿಸಿ, ಅದರ ಮೇಲೆ ಒರಿಸ್ಸಾದ ಅರಸನನ್ನು ದಂಡೆತ್ತಿ ಬರಲು ಕರೆಯುವಂಥ ಪತ್ರವನ್ನು ತಾವೇ ಬರೆದರು. ಪತ್ರವನ್ನು ಕಂಡ ಆಗಿನ ಸುಲ್ತಾನ ಮೂರನೆಯ ಮಹಮ್ಮದ್ ಶಾಹ್ ಗವಾನನನ್ನು ಕರೆಸಿ ಕೇಳಿದಾಗ ಅವನು ಕೊಟ್ಟ ಉತ್ತರದ ಸಾರಾಂಶ, ಮುದ್ರೆ ನನ್ನದು, ಪತ್ರ ನನ್ನದಲ್ಲ ಎಂಬುದು. ವಿಚಾರಣೆ ಅಲ್ಲಿಗೇ ಮುಗಿಯಿತು. 1481ರ ಏಪ್ರಿಲ್ 5ರಂದು, ಎಪ್ಪತ್ತು ದಾಟಿದ ಆ ಮುದುಕನ ತಲೆ ತೆಗೆಸಿದರು. ಸತ್ಯ ತಿಳಿದ ಸುಲ್ತಾನ ಪಶ್ಚಾತ್ತಾಪಪಟ್ಟ. ಮರುವರ್ಷ ಅವನೂ ಸತ್ತ.

ಸುಳ್ಳಿನ ಕಟ್ಟೋಣ ಹೇಗಿರುತ್ತದೆ ಎಂಬುದನ್ನು ಈ ಪ್ರಸಂಗ ಬಹಳ ಹತ್ತಿರದಿಂದ ತೋರಿಸುತ್ತದೆ. ನಂಬಿಸುವ ಸುಳ್ಳಿನಲ್ಲಿ ಒಂದು ಭಾಗ ನಿಜವಿರುತ್ತದೆ. ಮುದ್ರೆ ಅಸಲಿಯಾಗಿದ್ದರಿಂದಲೇ ಪತ್ರಕ್ಕೆ ಬೆಲೆ ಬಂತು. ಇಂದು ಹರಿದಾಡುವ ಸಂದೇಶಗಳಲ್ಲೂ ಮುಖದ ಫೋಟೊ ಅಸಲಿಯೇ, ವಿಡಿಯೊ ಅಸಲಿಯೇ. ಅದರ ಕೆಳಗೆ ಬರೆದ ಸಾಲು ಮಾತ್ರ ಬೇರೆಯವರದು.

ಗವಾನನ ಹೆಸರಿಗೆ ಅಂಟಿದ ದ್ರೋಹದ ಕಳಂಕ ತೊಳೆದುಹೋಯಿತು, ಆದರೆ ಅವನಿಗೆ ಇದ್ದ ಅನುಕೂಲ ಎಲ್ಲರಿಗೂ ಇರುವುದಿಲ್ಲ. ಅವನು ಕಟ್ಟಿಸಿದ ಕಟ್ಟಡವಿತ್ತು, ಬರೆದ ಪತ್ರಗಳ ಸಂಗ್ರಹವಿತ್ತು, ಅವನ ಪರವಾಗಿ ಬರೆಯುವ ವಿದ್ವಾಂಸರಿದ್ದರು. ಇವು ಯಾವುವೂ ಇಲ್ಲದವನ ಮೇಲೆ ಸುಳ್ಳು ಬಿದ್ದರೆ ಏನಾಗುತ್ತದೆ ಎಂಬುದಕ್ಕೆ 2018ಕ್ಕೆ ಬರಬೇಕು.

## ಮುರ್ಕಿಯಲ್ಲಿ ನಡೆದದ್ದು

2018ರ ಜುಲೈ 13ರಂದು ಹೈದರಾಬಾದಿನ ಕಡೆಯಿಂದ ಕಾರಿನಲ್ಲಿ ಬಂದಿದ್ದ ಗೆಳೆಯರ ಗುಂಪೊಂದು, ಬೀದರ ಜಿಲ್ಲೆಯ, ಆಗ ಔರಾದ ತಾಲೂಕಿನಲ್ಲಿದ್ದ ಹಂಡಿಕೇರಾ ಗ್ರಾಮದ ಬಳಿ ನಿಂತಿತ್ತು. ಅವರಲ್ಲೊಬ್ಬರು ಕತಾರ್ ದೇಶದ ಪ್ರಜೆ. ದಾರಿಯಲ್ಲಿ ಕಂಡ ಶಾಲಾ ಮಕ್ಕಳಿಗೆ ಅವರು ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಊರೂರು ತಿರುಗುತ್ತಿದ್ದಾರೆ ಎಂಬ ವದಂತಿ ಆ ತಿಂಗಳುಗಳಲ್ಲಿ ದೇಶದ ಅನೇಕ ಕಡೆ ಹಬ್ಬಿತ್ತು. ಚಾಕೊಲೇಟು, ಅಪರಿಚಿತ ಮುಖಗಳು ಮತ್ತು ಕಾರು ಆ ವದಂತಿಗೆ ಹೊಂದಿಕೊಂಡವು. ವಾಗ್ವಾದವಾಯಿತು, ಅವರು ಕಾರು ಹತ್ತಿ ಹೊರಟರು. ಅಷ್ಟರಲ್ಲಿ ಅವರ ವಿಡಿಯೊ ವಾಟ್ಸ್‌ಆ್ಯಪ್ ಗುಂಪಿನ ಮೂಲಕ ಮುಂದಿನ ಊರಾದ ಮುರ್ಕಿಯನ್ನು ಕಾರಿಗಿಂತ ಮೊದಲೇ ತಲುಪಿತ್ತು. ಅಲ್ಲಿ ರಸ್ತೆಗೆ ಅಡ್ಡ ಹಾಕಿದ್ದರು. ಕಾರು ಉರುಳಿತು, ಗುಂಪು ಮುಗಿಬಿತ್ತು. ರಕ್ಷಿಸಲು ಬಂದ ಪೊಲೀಸರಿಗೂ ಪೆಟ್ಟಾಯಿತು. ಹೈದರಾಬಾದಿನ ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಪ್ರಾಣ ಕಳೆದುಕೊಂಡರು, ಜೊತೆಗಿದ್ದವರು ತೀವ್ರವಾಗಿ ಗಾಯಗೊಂಡರು. ಪೊಲೀಸರು ಬಂಧಿಸಿದವರಲ್ಲಿ ವಾಟ್ಸ್‌ಆ್ಯಪ್ ಗುಂಪಿನ ಅಡ್ಮಿನ್ ಕೂಡ ಇದ್ದರು.

ಆ ಊರುಗಳವರು ಹುಟ್ಟಾ ಕ್ರೂರಿಗಳಲ್ಲ. ಅವರನ್ನು ದೂಡಿದ ಶಕ್ತಿಗಳನ್ನು ಸಂಶೋಧಕರು ಬೇರೆ ಕಡೆಗಳಲ್ಲಿ ಅಳೆದು ನೋಡಿದ್ದಾರೆ. ಒಂದು ಹೇಳಿಕೆಯನ್ನು ಮತ್ತೆ ಮತ್ತೆ ಕೇಳಿದವರಿಗೆ ಅದು ಹೊಸದಾಗಿ ಕೇಳಿದ ಹೇಳಿಕೆಗಿಂತ ನಿಜವೆನ್ನಿಸುತ್ತದೆ ಎಂಬುದನ್ನು ಅಮೆರಿಕದ ಮನೋವಿಜ್ಞಾನಿಗಳು 1977ರ ಪ್ರಯೋಗದಲ್ಲಿ ತೋರಿಸಿದರು. ಆಮೇಲೆ ಅದು ಅನೇಕ ಸಲ ದೃಢಪಟ್ಟಿದೆ. ಮಕ್ಕಳ ಕಳ್ಳರ ಸುದ್ದಿಯನ್ನು ಅದಾಗಲೇ ಮೂರು ಗುಂಪುಗಳಲ್ಲಿ ನೋಡಿದವನಿಗೆ ನಾಲ್ಕನೆಯದು ಸುದ್ದಿಯಾಗಿ ಕಾಣುವುದಿಲ್ಲ, ಖಾತ್ರಿಯಾಗಿ ಕಾಣುತ್ತದೆ. ಇನ್ನೊಂದು ಅಧ್ಯಯನ 2018ರಲ್ಲೇ ಪ್ರಕಟವಾಯಿತು. 2006ರಿಂದ 2017ರವರೆಗೆ ಟ್ವಿಟರ್‌ನಲ್ಲಿ ಹರಡಿದ ಸುಮಾರು 1,26,000 ಸುದ್ದಿಗಳನ್ನು ಪರಿಶೀಲಿಸಿದಾಗ, ಸುಳ್ಳು ಸುದ್ದಿಯನ್ನು ಜನ ಮುಂದಕ್ಕೆ ಕಳಿಸುವ ಸಂಭವ ನಿಜ ಸುದ್ದಿಗಿಂತ ಶೇ 70ರಷ್ಟು ಹೆಚ್ಚು ಎಂದು ಕಂಡುಬಂತು. ಯಂತ್ರಗಳು ಕಳಿಸಿದ್ದನ್ನು ತೆಗೆದುಹಾಕಿ ನೋಡಿದರೂ ಫಲ ಹಾಗೇ ಉಳಿಯಿತು, ಅಂದರೆ ಹರಡಿದವರು ಮನುಷ್ಯರೇ. ಸುಳ್ಳಿನಲ್ಲಿ ಹೊಸತನ ಹೆಚ್ಚಿರುತ್ತದೆ, ಅದು ಬೆರಗನ್ನೂ ಅಸಹ್ಯವನ್ನೂ ಹುಟ್ಟಿಸುತ್ತದೆ ಎಂದು ಸಂಶೋಧಕರು ಕಾರಣ ಕೊಟ್ಟರು.

ಇದರ ಮೇಲೆ ಒಂದು ಸಂಗತಿಯನ್ನು ಸೇರಿಸಬಹುದು. ಎಚ್ಚರಿಕೆಯ ಸಂದೇಶ ಕಳಿಸುವವನಿಗೆ ತಾನು ನಿಂದೆ ಮಾಡುತ್ತಿದ್ದೇನೆ ಎನ್ನಿಸುವುದಿಲ್ಲ, ಉಪಕಾರ ಮಾಡುತ್ತಿದ್ದೇನೆ ಎನ್ನಿಸುತ್ತದೆ. ಸುಳ್ಳಾದರೆ ತನಗೇನೂ ಹೋಗುವುದಿಲ್ಲ, ನಿಜವಾದರೆ ನಾಲ್ಕು ಮಕ್ಕಳು ಉಳಿದಾವು ಎಂಬ ಲೆಕ್ಕ ಅವನದು. ಹೋಗುವುದೇನಿದ್ದರೂ ಫೋಟೊದಲ್ಲಿರುವವನದು. ‘ಬೆಂಕಿಯಿಲ್ಲದೆ ಹೊಗೆಯಾಡದು’ ಎಂಬ ಗಾದೆಯನ್ನು ಇಂಥ ಹೊತ್ತಿನಲ್ಲೇ ಹೆಚ್ಚಾಗಿ ಬಳಸುತ್ತಾರೆ. ಮುರ್ಕಿಯಲ್ಲಿ ಇದ್ದದ್ದು ಬರೀ ಹೊಗೆ.

ಅದೇ ತಿಂಗಳು ವಾಟ್ಸ್‌ಆ್ಯಪ್ ಸಂಸ್ಥೆ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆ ಕಳಿಸಲಾಗದಂತೆ ಮಿತಿ ಹಾಕುವುದಾಗಿ ಪ್ರಕಟಿಸಿತು. ಗುಂಪು ಹಲ್ಲೆಗಳ ಬಗ್ಗೆ ಅದಾಗಲೇ ವಿಚಾರಣೆ ನಡೆಸಿದ್ದ ಸುಪ್ರೀಂ ಕೋರ್ಟ್, ಜುಲೈ 17ರ ತೀರ್ಪಿನಲ್ಲಿ, ಇಂಥ ಕೃತ್ಯಗಳನ್ನು ತಡೆಯಲು ಪ್ರತಿ ಜಿಲ್ಲೆಯಲ್ಲೂ ಹಿರಿಯ ಪೊಲೀಸ್ ಅಧಿಕಾರಿಯೊಬ್ಬರನ್ನು ನೋಡಲ್ ಅಧಿಕಾರಿಯಾಗಿ ನೇಮಿಸಬೇಕೆಂದು ರಾಜ್ಯಗಳಿಗೆ ಆದೇಶಿಸಿತು.

## ಒಬ್ಬರ ಹೆಸರು ಕುಲಕ್ಕೆಲ್ಲ

ಅಪಕೀರ್ತಿ ಒಬ್ಬನಲ್ಲಿಯೇ ನಿಲ್ಲುವುದು ಅಪರೂಪ. ಕಲ್ಯಾಣ ಕರ್ನಾಟಕದ ಹಿರಿಯರ ಬಾಯಲ್ಲಿ ರಜಾಕಾರ ಎಂಬ ಶಬ್ದ ಇಂದಿಗೂ ದಬ್ಬಾಳಿಕೆಗೆ ಇನ್ನೊಂದು ಹೆಸರು. ಕಾಸಿಂ ರಜ್ವಿಯ ನೇತೃತ್ವದ ಆ ಖಾಸಗಿ ದಂಡು ನಿಜಾಮ ಸಂಸ್ಥಾನದ ಕೊನೆಯ ದಿನಗಳಲ್ಲಿ ನಡೆಸಿದ ಕೊಲೆ, ಲೂಟಿಗಳು ಕಟ್ಟುಕಥೆಯಲ್ಲ. ಬೀದರ ಜಿಲ್ಲೆಯ ಗೋರಟಾ ಗ್ರಾಮದಲ್ಲಿ 1948ರ ಮೇ ತಿಂಗಳಲ್ಲಿ ನಡೆದ ಹತ್ಯಾಕಾಂಡದ ನೆನಪು ಆ ಭಾಗದ ಮನೆಮನೆಗಳಲ್ಲಿದೆ. ಇದು ಕೃತ್ಯದಿಂದಲೇ ಗಳಿಸಿದ ಹೆಸರು. ಅದೇ ವರ್ಷ ಸೆಪ್ಟೆಂಬರ್ 13ರಿಂದ 17ರವರೆಗೆ ಭಾರತದ ಸೇನೆ ಸಂಸ್ಥಾನದ ಮೇಲೆ ನಡೆಸಿದ ‘ಪೊಲೀಸ್ ಕಾರ್ಯಾಚರಣೆ’ಯೊಂದಿಗೆ ರಜಾಕಾರರ ಆಟ ಮುಗಿಯಿತು, ರಜ್ವಿ ಸೆರೆಮನೆ ಸೇರಿ 1957ರಲ್ಲಿ ಬಿಡುಗಡೆಯಾಗಿ ಪಾಕಿಸ್ತಾನಕ್ಕೆ ಹೋದ. ಆದರೆ ಕಾರ್ಯಾಚರಣೆಯ ಸಮಯದಲ್ಲೂ ಆಮೇಲೂ, ರಜಾಕಾರರಲ್ಲದ ಸಾಮಾನ್ಯ ಮುಸ್ಲಿಮರ ಮೇಲೆ ಸೇಡಿನ ದಾಳಿಗಳು ನಡೆದವು. ಕೇಂದ್ರ ಸರ್ಕಾರ ಕಳಿಸಿದ ಸುಂದರಲಾಲ್ ಸಮಿತಿ, ಸಂಸ್ಥಾನದಲ್ಲಿ ಸತ್ತವರ ಸಂಖ್ಯೆಯನ್ನು 27,000ದಿಂದ 40,000ವೆಂದು ಅಂದಾಜಿಸಿ, ಅತಿ ಹೆಚ್ಚು ಹಾನಿಗೊಳಗಾದ ನಾಲ್ಕು ಜಿಲ್ಲೆಗಳಲ್ಲಿ ಕಲಬುರಗಿ ಮತ್ತು ಬೀದರಗಳನ್ನು ಹೆಸರಿಸಿತು. ಆ ವರದಿ ದಶಕಗಳ ಕಾಲ ಬೆಳಕಿಗೆ ಬರಲಿಲ್ಲ. ಮೊದಲ ಹಿಂಸೆ ಮಾಡಿದವರಿಗೆ ಜನ ಒಂದು ಹೆಸರು ಕೊಟ್ಟರು. ಎರಡನೆಯ ಹಿಂಸೆ ಮಾಡಿದವರು ಹೆಸರಿಲ್ಲದೆ ಉಳಿದರು.

ಹುಟ್ಟಿನಿಂದಲೇ ಹೆಸರು ಕೆಡಿಸಿದ ಕಾನೂನೂ ಇತ್ತು. ಬ್ರಿಟಿಷರು 1871ರಲ್ಲಿ ತಂದ ಅಪರಾಧಿ ಬುಡಕಟ್ಟುಗಳ ಕಾಯ್ದೆಯ ಪ್ರಕಾರ ಒಂದು ಸಮುದಾಯವನ್ನೇ ಅಪರಾಧಿಗಳೆಂದು ಘೋಷಿಸಬಹುದಿತ್ತು; ಹಾಗೆ ಘೋಷಿತರಾದವರು ಪೊಲೀಸರಲ್ಲಿ ಹೆಸರು ನೋಂದಾಯಿಸಿ, ಹಾಜರಿ ಹಾಕಿ, ಅಪ್ಪಣೆಯಿಲ್ಲದೆ ಊರು ಬಿಡದಂತೆ ಬದುಕಬೇಕಿತ್ತು. ಲಂಬಾಣಿ, ಕೊರಚ, ಪಾರ್ಧಿ ಮುಂತಾದ ಅಲೆಮಾರಿ ಸಮುದಾಯಗಳ ಹೆಸರುಗಳು ಬೇರೆ ಬೇರೆ ಪ್ರಾಂತಗಳ ಇಂಥ ಪಟ್ಟಿಗಳಲ್ಲಿ ಬಂದವು. ಅಲೆಯುವುದೇ ಇಲ್ಲಿ ಅನುಮಾನಕ್ಕೆ ಕಾರಣ. 1952ರ ಆಗಸ್ಟ್ 31ರಂದು ಕಾಯ್ದೆ ರದ್ದಾಯಿತು, ಆದರೆ ಊರಲ್ಲಿ ಕಳವಾದಾಗ ಮೊದಲು ಯಾರ ಗುಡಿಸಲ ಕಡೆ ಕಣ್ಣು ಹೋಗುತ್ತದೆ ಎಂಬುದು ಕಾಯ್ದೆಯ ಜೊತೆ ರದ್ದಾಗಲಿಲ್ಲ. ಸೆರೆಮನೆಯ ಕೈಪಿಡಿಗಳಲ್ಲಿ ಉಳಿದುಕೊಂಡಿದ್ದ ಇಂಥ ನಿಯಮಗಳನ್ನು ಸುಪ್ರೀಂ ಕೋರ್ಟ್ ತೆಗೆದುಹಾಕಿದ್ದು 2024ರ ಅಕ್ಟೋಬರ್‌ನಲ್ಲಿ.

## ಬಂಡಾಯಗಾರನೇ ವೀರನಾದದ್ದು

ಬರೆದುಕೊಳ್ಳುವ ಕೈ ಬದಲಾದರೆ ಹೆಸರೂ ತಿರುಗುತ್ತದೆ. ಯಾದಗಿರಿ ಜಿಲ್ಲೆಯ ಸುರಪುರದಲ್ಲಿ 1841ರಿಂದ ಹಲವು ವರ್ಷ ಆಡಳಿತ ನೋಡಿಕೊಂಡ ಇಂಗ್ಲಿಷ್ ಅಧಿಕಾರಿ ಮೆಡೋಸ್ ಟೇಲರ್, ಅದಕ್ಕೂ ಮೊದಲೇ ದಾರಿಹೋಕರನ್ನು ಕೊಂದು ದೋಚುತ್ತಿದ್ದ ಠಕ್ಕರ ಕುರಿತ ಕಾದಂಬರಿ ಬರೆದು ಅವರನ್ನು ಇಂಗ್ಲೆಂಡಿನ ಓದುಗರಲ್ಲಿ ಕುಖ್ಯಾತರನ್ನಾಗಿಸಿದವರಲ್ಲಿ ಒಬ್ಬ. ಅವನ ಕಣ್ಣೆದುರಿಗೇ ಬೆಳೆದ ಸುರಪುರದ ದೊರೆ ರಾಜಾ ವೆಂಕಟಪ್ಪ ನಾಯಕ 1858ರಲ್ಲಿ ಬ್ರಿಟಿಷರ ವಿರುದ್ಧ ನಿಂತ, ಸೆರೆಸಿಕ್ಕ, ಬಂಧನದಲ್ಲಿದ್ದಾಗಲೇ ಗುಂಡೇಟಿನಿಂದ ಸತ್ತ. ಕಂಪನಿಯ ಕಾಗದಪತ್ರಗಳಲ್ಲಿ ಅವನು ರಾಜದ್ರೋಹಿ. ಇಂದಿನ ಸುರಪುರದಲ್ಲಿ ಸ್ವಾತಂತ್ರ್ಯವೀರ. ಕೃತ್ಯ ಅದೇ, ತಾರೀಖೂ ಅದೇ.

ಅಪಕೀರ್ತಿಯನ್ನೇ ಬಯಸಿ ಗಳಿಸುವವರೂ ಇದ್ದಾರೆ. ಕ್ರಿ.ಪೂ. 356ರಲ್ಲಿ ಎಫೆಸಸ್ ನಗರದ ಆರ್ಟೆಮಿಸ್ ದೇಗುಲಕ್ಕೆ ಬೆಂಕಿಯಿಟ್ಟ ಹೆರೊಸ್ಟ್ರಾಟಸ್ ಎಂಬವನು, ತನ್ನ ಹೆಸರು ಲೋಕದಲ್ಲಿ ಉಳಿಯಲೆಂದು ಹಾಗೆ ಮಾಡಿದೆ ಎಂದನಂತೆ. ಅವನ ಹೆಸರನ್ನು ಯಾರೂ ಎತ್ತಬಾರದೆಂದು ನಗರದವರು ಕಟ್ಟಪ್ಪಣೆ ಮಾಡಿದರು. ಹೆಸರು ಉಳಿದಿದೆ ಎಂಬುದಕ್ಕೆ ಈ ಸಾಲೇ ಸಾಕ್ಷಿ. 2019ರ ಮಾರ್ಚ್‌ನಲ್ಲಿ ಕ್ರೈಸ್ಟ್‌ಚರ್ಚ್ ಮಸೀದಿಗಳಲ್ಲಿ ಗುಂಡಿಕ್ಕಿದವನ ಹೆಸರನ್ನು ತಾನು ಉಚ್ಚರಿಸುವುದಿಲ್ಲ ಎಂದು ನ್ಯೂಜಿಲೆಂಡ್ ಪ್ರಧಾನಿ ಹೇಳಿದ್ದೂ ಇದೇ ಕಾರಣಕ್ಕೆ.

ಕೆಟ್ಟ ಹೆಸರಿನ ಭಯಕ್ಕೆ ಒಂದು ಉಪಯೋಗವೂ ಇದೆ, ಅದನ್ನು ನಮ್ಮ ಹಿಂದಿನವರು ಕಲ್ಲಿನಲ್ಲೇ ಕೊರೆದಿಟ್ಟರು. ಈ ಭಾಗದ ಊರುಗಳಲ್ಲಿ ಸಿಗುವ ದಾನಶಾಸನಗಳ ಕೊನೆಯ ಸಾಲುಗಳನ್ನು ನೋಡಿದರೆ, ಈ ಭೂಮಿಯನ್ನು ಕಿತ್ತುಕೊಂಡವನು ವಾರಣಾಸಿಯಲ್ಲಿ ಸಾವಿರ ಕವಿಲೆಗಳನ್ನು, ಅಂದರೆ ಹಸುಗಳನ್ನು ಕೊಂದ ಪಾಪಕ್ಕೆ ಹೋಗುತ್ತಾನೆ, ಅರವತ್ತು ಸಾವಿರ ವರ್ಷ ಹೇಲಿನ ಹುಳುವಾಗಿ ಹುಟ್ಟುತ್ತಾನೆ ಎಂಬ ಶಾಪ ಮತ್ತೆ ಮತ್ತೆ ಕಾಣುತ್ತದೆ. ಪೊಲೀಸ್ ಠಾಣೆಯಿಲ್ಲದ ಕಾಲದಲ್ಲಿ ದಾನವನ್ನು ಕಾಯುತ್ತಿದ್ದದ್ದು ಈ ಸಾಲುಗಳು. ಅಲ್ಲಿ ಶಾಪ ಯಾರ ಹೆಸರನ್ನೂ ಹಿಡಿದು ಹೇಳಿದ್ದಲ್ಲ. ಕೃತ್ಯಕ್ಕೆ ಹಾಕಿದ್ದು, ಅದನ್ನು ಮಾಡಿದವನಿಗೆ ತಟ್ಟುವಂಥದ್ದು.

## ಠಾಣೆ, ನ್ಯಾಯಾಲಯ, ಕಾನೂನು

ಇನ್ನು ಇಂದಿನ ಓದುಗರಿಗೆ ನೇರವಾಗಿ ಬೇಕಾದ ಸಂಗತಿಗಳು. ಪತ್ರಿಕೆಯಲ್ಲಿ ‘ಬಂಧನ’ ಎಂದು ಬಂದರೆ ಪೊಲೀಸರಿಗೆ ಅನುಮಾನವಿದೆ ಎಂದು ಅರ್ಥ. ‘ದೋಷಾರೋಪ ಪಟ್ಟಿ ಸಲ್ಲಿಕೆ’ ಎಂದರೆ ಪೊಲೀಸರು ತಮ್ಮ ಸಾಕ್ಷ್ಯವನ್ನು ನ್ಯಾಯಾಲಯದ ಮುಂದಿಟ್ಟಿದ್ದಾರೆ ಎಂದು ಅರ್ಥ. ಅಪರಾಧಿ ಎಂಬ ಮಾತು ತೀರ್ಪು ಬಂದ ಮೇಲಿನದು, ಅಲ್ಲಿಯವರೆಗೆ ಆರೋಪಿ. ರೌಡಿ ಪಟ್ಟಿಯಲ್ಲಿ ಹೆಸರಿರುವುದೂ ಶಿಕ್ಷೆಯಲ್ಲ. ಅದು ಪೊಲೀಸರು ನಿಗಾ ಇಡಲು ತಾವೇ ಇಟ್ಟುಕೊಳ್ಳುವ ದಾಖಲೆ. ಕಷ್ಟವೆಂದರೆ, ಬಂಧನ ಮುಖಪುಟದಲ್ಲಿ ಬರುತ್ತದೆ, ವರ್ಷಗಳ ಮೇಲೆ ಆಗುವ ಖುಲಾಸೆ ಒಳಪುಟದ ಮೂಲೆಯಲ್ಲಿ ಬಂದರೆ ಪುಣ್ಯ.

ಕೆಲವರ ಹೆಸರನ್ನು ಬಯಲಿಗಿಡುವುದನ್ನೇ ಕಾನೂನು ನಿಷೇಧಿಸಿದೆ. ಅಪರಾಧದ ಆರೋಪ ಹೊತ್ತ ಅಥವಾ ಅಪರಾಧಕ್ಕೆ ಬಲಿಯಾದ ಮಗುವಿನ ಹೆಸರು, ಫೋಟೊ, ಶಾಲೆ, ಏನನ್ನು ಪ್ರಕಟಿಸಿದರೂ ಬಾಲನ್ಯಾಯ ಕಾಯ್ದೆಯ 74ನೇ ಕಲಮಿನಡಿ ಆರು ತಿಂಗಳವರೆಗೆ ಸೆರೆ ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಅತ್ಯಾಚಾರಕ್ಕೆ ಒಳಗಾದವರ ಗುರುತು ಹೊರಹಾಕಿದರೆ ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಮಿನಡಿ ಎರಡು ವರ್ಷದವರೆಗೆ ಸೆರೆ ಮತ್ತು ದಂಡ.

ಉಳಿದವರಿಗೆ ಇರುವ ದಾರಿ ಮಾನಹಾನಿ ಮೊಕದ್ದಮೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಈ ಸಂಹಿತೆಯ 356ನೇ ಕಲಮು, ಒಬ್ಬರ ಹೆಸರಿಗೆ ಧಕ್ಕೆಯಾಗುವಂಥ ಆರೋಪವನ್ನು ಹಾಗೆಂದು ತಿಳಿದೇ ಹೇಳಿದರೆ, ಬರೆದರೆ ಅಥವಾ ಪ್ರಕಟಿಸಿದರೆ ಎರಡು ವರ್ಷದವರೆಗೆ ಸಾದಾ ಸೆರೆವಾಸ, ದಂಡ ಅಥವಾ ಸಮುದಾಯ ಸೇವೆಯ ಶಿಕ್ಷೆ ಹೇಳುತ್ತದೆ. ಹತ್ತು ವಿನಾಯಿತಿಗಳಿವೆ. ಅವುಗಳಲ್ಲಿ ಮೊದಲನೆಯದು, ಹೇಳಿದ್ದು ನಿಜವಾಗಿದ್ದು ಸಾರ್ವಜನಿಕ ಹಿತಕ್ಕಾಗಿ ಹೇಳಿದ್ದರೆ ಅದು ಅಪರಾಧವಲ್ಲ ಎನ್ನುತ್ತದೆ. ಇಲ್ಲಿ ನಿಜವೊಂದೇ ಸಾಲದು, ಹಿತವೂ ಇರಬೇಕು. ಸತ್ತವರ ಹೆಸರು ಕೆಡಿಸಿ ಅವರ ಕುಟುಂಬದವರ ಮನಸ್ಸನ್ನು ನೋಯಿಸುವ ಉದ್ದೇಶವಿದ್ದರೆ ಅದೂ ಮಾನಹಾನಿಯೇ, ಆದರೆ ಹುಮಾಯೂನ್ ಶಾಹನ ಪರವಾಗಿ ದೂರು ಕೊಡಲು ಈಗ ಯಾರೂ ಉಳಿದಿಲ್ಲ. ತಾನು ಬರೆಯಲಿಲ್ಲ, ಬಂದದ್ದನ್ನು ಮುಂದಕ್ಕೆ ಕಳಿಸಿದೆ ಅಷ್ಟೆ ಎಂದು ಹೇಳಿದ ಮಾತ್ರಕ್ಕೆ ಹೊಣೆ ತಪ್ಪುವುದಿಲ್ಲ, ಏಕೆಂದರೆ ಕಾನೂನು ಬರೆದವನ ಜೊತೆ ಪ್ರಕಟಿಸಿದವನನ್ನೂ ಹಿಡಿಯುತ್ತದೆ.

ಬಹಳ ಜನ ಎಡವುವುದು ಒಂದು ಕಡೆ. ಬರೀ ಮಾನಹಾನಿಯಾಗಿದ್ದರೆ ಪೊಲೀಸರು ನೇರವಾಗಿ ಎಫ್‌ಐಆರ್ ದಾಖಲಿಸಿ ತನಿಖೆಗಿಳಿಯುವಂತಿಲ್ಲ. ನೊಂದವರೇ ವಕೀಲರ ಮೂಲಕ ಮ್ಯಾಜಿಸ್ಟ್ರೇಟರ ಮುಂದೆ ಖಾಸಗಿ ದೂರು ಸಲ್ಲಿಸಬೇಕು, ಅದಕ್ಕೆ ಮೂರು ವರ್ಷಗಳ ಅವಧಿ ಇದೆ. ಪರಿಹಾರದ ಹಣ ಕೇಳಿ ಸಿವಿಲ್ ದಾವೆ ಹೂಡುವುದಾದರೆ ಪ್ರಕಟವಾದ ದಿನದಿಂದ ಒಂದೇ ವರ್ಷ. ಆದ್ದರಿಂದ ಇಂಥ ಸಂದೇಶ ತಮ್ಮ ಬಗ್ಗೆಯೇ ಬಂದರೆ ಸಿಟ್ಟಿನಲ್ಲಿ ಅಳಿಸಿಹಾಕದೆ, ಕಳಿಸಿದವರ ನಂಬರು, ತಾರೀಖು, ಗುಂಪಿನ ಹೆಸರು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು, ಮೊದಲು ಆಯಾ ಜಾಲತಾಣದ ಕುಂದುಕೊರತೆ ಅಧಿಕಾರಿಗೆ ದೂರು ಕೊಟ್ಟು ಅದನ್ನು ತೆಗೆಸಲು ಪ್ರಯತ್ನಿಸಬೇಕು. ಸಂದೇಶದಲ್ಲಿ ಬೆದರಿಕೆಯಿದ್ದರೆ, ಅಶ್ಲೀಲ ಚಿತ್ರವಿದ್ದರೆ ಅಥವಾ ಗುಂಪು ಸೇರಿಸುವ ಪ್ರಚೋದನೆಯಿದ್ದರೆ ಮ್ಯಾಜಿಸ್ಟ್ರೇಟರ ವರೆಗೆ ಕಾಯಬೇಕಿಲ್ಲ, ಸೈಬರ್ ಠಾಣೆಗೋ ಹತ್ತಿರದ ಠಾಣೆಗೋ ಕೂಡಲೇ ಹೋಗಬಹುದು. ರಸ್ತೆಯಲ್ಲಿ ಜನ ಜಮಾಯಿಸಿದ್ದಾರೆ ಎಂದಾದರೆ 112ಕ್ಕೆ ಕರೆ ಮಾಡಬೇಕು.